ಬಾಡಿಗೆಯ ಭಾರ ಯಾರ ಹೆಗಲಿಗೆ?

ಮೊದಲ ಮಹಾಯುದ್ಧದ ಕಾಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ದುಡಿಯುವ ಜನ ಹರಿದು ಬಂದರು. ಮನೆಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೆ ಹೋಗಿದ್ದ ಮನೆಗಳನ್ನೂ ಈ ಏರಿಕೆ ಬಿಡಲಿಲ್ಲ. 1915ರಲ್ಲಿ ಮೇರಿ ಬಾರ್ಬರ್ ಮೊದಲಾದ ಮಹಿಳೆಯರ ಮುಂದಾಳುತನದಲ್ಲಿ ಸಾವಿರಾರು ಬಾಡಿಗೆದಾರರು ಹೆಚ್ಚಿದ ಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದರು. ನವೆಂಬರ್ 17ರಂದು 18 ಮಂದಿಯನ್ನು ನ್ಯಾಯಾಲಯಕ್ಕೆ ಎಳೆದಾಗ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಬ್ರಿಟಿಷ್ ಸರ್ಕಾರ ಮಣಿಯಿತು. ಆ ವರ್ಷ ಮುಗಿಯುವುದರೊಳಗೆ ಚಿಕ್ಕ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಇಳಿಸಿ ನಿಲ್ಲಿಸುವ ಕಾಯಿದೆ ಬಂತು.

ಈ ಕತೆಯ ಇನ್ನೊಂದು ಮಗ್ಗುಲು ಅಷ್ಟಾಗಿ ಚರ್ಚೆಯಾಗುವುದಿಲ್ಲ. ಅನೇಕ ಮಾಲೀಕರು ಆ ಮನೆಗಳ ಮೇಲೆ ಸಾಲ ಮಾಡಿದ್ದರು. ಅದೇ ಕಾಯಿದೆ ಅಡಮಾನ ಸಾಲದ ಬಡ್ಡಿ ಏರಿಸುವುದನ್ನೂ ತಡೆಯಿತು. ಮಾಲೀಕ ಬಡ್ಡಿ ಕಟ್ಟುತ್ತಿರುವಷ್ಟು ಕಾಲ ಅಸಲಿಗಾಗಿ ಪೀಡಿಸುವಂತಿರಲಿಲ್ಲ. ಬಾಡಿಗೆದಾರನನ್ನು ಕಾಪಾಡುವಾಗ ಮಾಲೀಕನ ಬೆನ್ನಿಗಿದ್ದ ಸಾಲಗಾರನನ್ನೂ ಕಾನೂನು ನೆನಪಿಟ್ಟಿತ್ತು.

ಭಾರತದಲ್ಲಿ ಈ ಸಮತೋಲ ಉಳಿಯಲಿಲ್ಲ. ಮುಂಬಯಿಯಲ್ಲಿ 1918ರಲ್ಲೇ ಯುದ್ಧಕಾಲದ ಬಾಡಿಗೆ ಕಾಯಿದೆ ಬಂದಿತ್ತು. 1947ರ ಕಾಯಿದೆಯಂತೂ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡವರಿಗೆ ತಲೆಯ ಮೇಲೊಂದು ಸೂರು ಉಳಿಯಿತು, ನಿಜ. ಆದರೆ ಅದರ ವೆಚ್ಚ ಬಿದ್ದದ್ದು ಮಾಲೀಕರ ಮೇಲೆ. ಬಂದ ಬಾಡಿಗೆ ರಿಪೇರಿಗೂ ಸಾಲದೆ ಕಟ್ಟಡಗಳು ಶಿಥಿಲಗೊಂಡವು. ಕಡೆಗೆ ಆ ಶಿಥಿಲ ಕಟ್ಟಡಗಳಲ್ಲಿ ಜೀವ ಕೈಯಲ್ಲಿ ಹಿಡಿದು ಬಾಳಿದವರು ಬಾಡಿಗೆದಾರರೇ. ಬೆಲೆಗಳು ಎಷ್ಟೋ ಪಟ್ಟು ಏರಿದ ಮೇಲೂ ಬಾಡಿಗೆಯನ್ನು ಹಾಗೇ ನಿಲ್ಲಿಸಿದ್ದು ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ.

ಕೋವಿಡ್ ಕಾಲದಲ್ಲಿ ಅಮೆರಿಕ ಬೇರೆ ದಾರಿ ಹಿಡಿಯಿತು. ಮೊದಲು ಬಾಡಿಗೆ ಬಾಕಿಗಾಗಿ ಮನೆ ಬಿಡಿಸುವುದಕ್ಕೆ ತಡೆ ಬಂತು. ಆದರೆ ತಡೆಯಿಂದ ಬಾಕಿ ತೀರುವುದಿಲ್ಲ. ಆದ್ದರಿಂದ 2020ರ ಡಿಸೆಂಬರ್‌ನಲ್ಲಿ 25 ಶತಕೋಟಿ, 2021ರ ಮಾರ್ಚ್‌ನಲ್ಲಿ ಮತ್ತೆ 21 ಶತಕೋಟಿಗೂ ಹೆಚ್ಚು ಡಾಲರ್ ಬಾಡಿಗೆ ನೆರವಿಗೆ ಮೀಸಲಾಯಿತು. ಬಾಡಿಗೆದಾರನ ಬಾಕಿಯನ್ನು ಸಾಮಾನ್ಯವಾಗಿ ನೇರವಾಗಿ ಮಾಲೀಕನಿಗೇ ಸಲ್ಲಿಸಲಾಗುತ್ತಿತ್ತು. ಹಂಚಿಕೆ ಅನೇಕ ಕಡೆ ತಡವಾಯಿತು, ಅರ್ಜಿಗಳ ಜಂಜಾಟ ಬಡವರನ್ನು ಕಾಡಿತು. ಆದರೂ ಒಂದೇ ಹಣದಿಂದ ಎರಡು ಮನೆಗಳ ಒಲೆ ಉರಿಯುವ ದಾರಿ ಅದು.

ನಮ್ಮಲ್ಲಿ 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಆದೇಶಿಸಿತು. ಎರಡು ಕೋಣೆ ಬಾಡಿಗೆಗೆ ಕೊಟ್ಟು ಅದರಿಂದಲೇ ಬದುಕುವವರಿಗೆ ಆ ನಷ್ಟ ತುಂಬಿಕೊಡುವ ಮಾತು ಆದೇಶದಲ್ಲಿರಲಿಲ್ಲ. ಅದೇ ದಿನ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್, ಬಾಡಿಗೆ ಕೊಡಲಾಗದ ಬಡವರ ಪರವಾಗಿ ಸರ್ಕಾರವೇ ಕೊಡುತ್ತದೆ ಎಂದರು. ಹಣ ಬರಲಿಲ್ಲ. ಕೂಲಿಕಾರರೂ ಒಬ್ಬ ಮನೆ ಮಾಲೀಕರೂ ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ ಆ ಮಾತಿಗೆ ಬೆಲೆಯಿದೆ ಎಂದಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು.

ಬಾಡಿಗೆದಾರರೂ ಮಾಲೀಕರೂ ಹುಟ್ಟಾ ವೈರಿಗಳೆಂಬ ಭಾವನೆ ನಮ್ಮಲ್ಲಿದೆ. ಆ ದಾವೆಯಲ್ಲಿ ಇಬ್ಬರೂ ಒಂದೇ ಕಡೆ ನಿಂತು ಕೇಳಿದ್ದು ಒಂದನ್ನೇ: ಸರ್ಕಾರ ಕೊಟ್ಟ ಮಾತಿನ ಖರ್ಚನ್ನು ಸರ್ಕಾರವೇ ಹೊರಲಿ. ಮುಂದಿನ ಸಂಕಟಕ್ಕೆ ಮೊದಲೇ ಇದಕ್ಕೊಂದು ಕಾನೂನು, ಅದಕ್ಕೊಂದು ನಿಧಿ ಇರಬೇಕಲ್ಲವೇ?