ಅರ್ನಿ ಡೇವಿಸ್ ಓಡಿದ ಮೂರು ವರ್ಷ

1960ರ ಜನವರಿ 1. ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿ ಕಾಟನ್ ಬೌಲ್ ಪಂದ್ಯ. ನ್ಯೂಯಾರ್ಕ್ ರಾಜ್ಯದಿಂದ ಬಂದಿದ್ದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಂಡ ಟೆಕ್ಸಾಸ್ ತಂಡವನ್ನು 23–14ರಿಂದ ಸೋಲಿಸಿ, ಒಂದೂ ಸೋಲಿಲ್ಲದೆ ಆ ಋತುವನ್ನು ಮುಗಿಸಿತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ 87 ಗಜಗಳ ಟಚ್‌ಡೌನ್ ಗಳಿಸಿದ ಇಪ್ಪತ್ತರ ಹುಡುಗ ಅರ್ನಿ ಡೇವಿಸ್ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ. ಆದರೆ ಪಂದ್ಯದ ನಂತರದ ಔತಣಕ್ಕೆ ಒಂದು ಷರತ್ತಿತ್ತು: ಡೇವಿಸ್ ಬಂದು ಪ್ರಶಸ್ತಿ ತೆಗೆದುಕೊಳ್ಳಬಹುದು, ಆಮೇಲೆ ಅಲ್ಲಿ ಉಳಿಯುವಂತಿಲ್ಲ. ಅದು ಬಿಳಿಯರ ಜಾಗ. ಪಂಕ್ತಿಯಿಂದ ಎಬ್ಬಿಸುವುದೆಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ.

ಡೇವಿಸ್ ಹುಟ್ಟಿದ್ದು 1939ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಕಲ್ಲಿದ್ದಲ ಸೀಮೆಯ ಯೂನಿಯನ್‌ಟೌನ್‌ನಲ್ಲಿ ಅಜ್ಜ-ಅಜ್ಜಿ ಸಾಕಿದರು. ಹನ್ನೆರಡನೇ ವಯಸ್ಸಿಗೆ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿದ್ದ ತಾಯಿಯ ಮನೆಗೆ ಬಂದ. ಅಲ್ಲಿನ ಶಾಲೆಯಲ್ಲಿ ಅವನ ಆಟ ಕಂಡು ಹಲವು ಕಾಲೇಜುಗಳು ಕರೆದವು. ಸಿರಾಕ್ಯೂಸ್‌ಗೆ ಬಾ ಎಂದು ಒಪ್ಪಿಸಿದವರಲ್ಲಿ ಅದೇ ಕಾಲೇಜಿನ ಹಳೆಯ ಆಟಗಾರ ಜಿಮ್ ಬ್ರೌನ್ ಕೂಡ ಒಬ್ಬ. ಬ್ರೌನ್ ತೊಟ್ಟಿದ್ದ 44ನೇ ಸಂಖ್ಯೆಯ ಅಂಗಿ ಡೇವಿಸ್‌ಗೆ ಬಂತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಯತ್ನಗಳೊಳಗೆ ಚೆಂಡನ್ನು 10 ಗಜ ಮುಂದೊಯ್ಯಬೇಕು. ಚೆಂಡನ್ನು ಎದೆಗವಚಿಕೊಂಡು ನುಗ್ಗುವವನು ರನ್ನಿಂಗ್ ಬ್ಯಾಕ್. ಅವನಿಗೆ ದಾರಿ ಬಿಡಿಸುವವರು ಮುಂದಿನ ಸಾಲಿನವರು; ಎದುರಾಳಿಗಳಿಗೆ ಮೈಯೊಡ್ಡಿ ಸಂದು ಮಾಡಿಕೊಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಗಜಗಳೆಲ್ಲ ಓಡಿದವನ ಹೆಸರಿಗೆ. ಮೂರು ಋತುಗಳಲ್ಲಿ ಡೇವಿಸ್ ಓಡಿದ್ದು 2,386 ಗಜ, ಪ್ರತಿ ಓಟಕ್ಕೆ ಸರಾಸರಿ 6.6 ಗಜ. ಎರಡು ಸಲ ಚೆಂಡು ಕೊಟ್ಟರೆ ಸಾಕು, ಹತ್ತು ಗಜ ದಾಟಿದಂತೆಯೇ. ಬ್ರೌನ್‌ನ ಕಾಲೇಜು ದಾಖಲೆಗಳು ಮುರಿದವು. 1961ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಆಟಗಾರ ಡೇವಿಸ್. ಅಧ್ಯಕ್ಷ ಕೆನಡಿ ಅವನನ್ನು ಕಂಡು ಕೈಕುಲುಕಿದರು.

ಅದೇ ಡಿಸೆಂಬರಿನಲ್ಲಿ ವೃತ್ತಿಪರ ತಂಡಗಳ ಆಯ್ಕೆ ನಡೆಯಿತು. ಲೀಗ್‌ನಲ್ಲಿ ಕಪ್ಪು ಆಟಗಾರರೇ ಇಲ್ಲದೆ ಉಳಿದಿದ್ದ ಕೊನೆಯ ತಂಡ ವಾಷಿಂಗ್ಟನ್. ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಹಟ ಹಿಡಿದಿದ್ದ. ಆದರೆ ತಂಡದ ಹೊಸ ಕ್ರೀಡಾಂಗಣವಿದ್ದದ್ದು ಕೇಂದ್ರ ಸರ್ಕಾರದ ಜಾಗದಲ್ಲಿ. ಭೇದ ಬಿಡದಿದ್ದರೆ ಅಲ್ಲಿ ಆಡುವಂತಿಲ್ಲ ಎಂದು ಕೆನಡಿ ಸಂಪುಟದ ಸ್ಟೀವರ್ಟ್ ಉಡಾಲ್ ಎಚ್ಚರಿಸಿದರು. ಮಾರ್ಷಲ್ ಮಣಿದ. ಎಲ್ಲರಿಗಿಂತ ಮೊದಲ ಆಯ್ಕೆಯ ಹಕ್ಕಿದ್ದ ವಾಷಿಂಗ್ಟನ್ ಡೇವಿಸ್‌ನನ್ನು ಆರಿಸಿತು. ಕೂಡಲೇ ಅವನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು, ಬದಲಿಗೆ ಬಾಬಿ ಮಿಚೆಲ್‌ನನ್ನು ಪಡೆಯಿತು. ಮಿಚೆಲ್ ಕೂಡ ಕಪ್ಪು ಆಟಗಾರನೇ.

ಡೇವಿಸ್ ಕ್ಲೀವ್‌ಲ್ಯಾಂಡ್‌ನಲ್ಲಿ ಬ್ರೌನ್ ಜೊತೆಗೇ ಆಡಬೇಕಿತ್ತು. 1962ರ ಬೇಸಿಗೆಯಲ್ಲಿ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ಒಂದೂ ವೃತ್ತಿಪರ ಪಂದ್ಯವಾಡದೆ 1963ರ ಮೇ 18ರಂದು ತೀರಿಕೊಂಡ. ವಯಸ್ಸು 23. ಎಲ್ಮೈರಾದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತು ಬೀಳ್ಕೊಟ್ಟರು.

ಅಷ್ಟರಲ್ಲಿ ಮಿಚೆಲ್ ವಾಷಿಂಗ್ಟನ್ ಪರವಾಗಿ ಒಂದು ಋತು ಆಡಿ ಮುಗಿಸಿದ್ದ. ಆ ತಂಡದ ಮೊದಲ ಕಪ್ಪು ಆಟಗಾರರಲ್ಲಿ ಒಬ್ಬನಾದ ಅವನಿಗೆ ಮುಂದೆ ವೃತ್ತಿಪರ ಫುಟ್‌ಬಾಲ್‌ನ ಅತ್ಯುನ್ನತ ಗೌರವವೂ ಸಂದಿತು. ಕಾಲೇಜಿನಲ್ಲಿ ಬೇರೆಯವರು ಬಿಡಿಸಿದ ಸಂದಿನಲ್ಲಿ ಡೇವಿಸ್ ಓಡಿದ್ದ. ವಾಷಿಂಗ್ಟನ್‌ನ ಬಾಗಿಲಲ್ಲಿ ಸಂದು ಬಿಡಿಸಿದವನು ಅವನು, ಓಡಿದವನು ಮಿಚೆಲ್. ಅಂಥ ಕೆಲಸಕ್ಕೆ ಗಜಗಳ ಲೆಕ್ಕವಿಲ್ಲ. ಡೇವಿಸ್‌ಗೆಂದು ಇಟ್ಟಿದ್ದ 45ನೇ ಸಂಖ್ಯೆಯನ್ನು ಮಾತ್ರ ಕ್ಲೀವ್‌ಲ್ಯಾಂಡ್ ತಂಡ ಅವನ ನಂತರ ಯಾರಿಗೂ ಕೊಡಲಿಲ್ಲ.