ಸೂಜಿ ಹಿಡಿಯೋ ಹಕ್ಕು ಯಾರದು? ಬಳ್ಳಾರಿ ರಸ್ತೆಯ ಒಂದು ಹಳೇ ಕಥೆ

ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆದವರಿಗೆಲ್ಲ ಗೊತ್ತಿರೋ ವಿಷಯ ಇದು. ಹಾಸಿಗೆ ಪಕ್ಕ ಬಂದು ಕೈಗೆ ಸೂಜಿ ಚುಚ್ಚೋರು, ಮೂಗಿಗೆ ನಳಿಕೆ ಇಳಿಸೋರು, ಹೊಲಿಗೆ ಬಿಚ್ಚೋರು ಎಲ್ಲರೂ ಡಾಕ್ಟರೇ ಆಗಿರೋದಿಲ್ಲ. ಹೆಬ್ಬಾಳ, ಯಲಹಂಕದ ಕಡೆ ಈಗ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಅಂಥ ಕಡೆ "ಫಿಸಿಷಿಯನ್ ಅಸಿಸ್ಟೆಂಟ್" ಅಂತ ಬ್ಯಾಡ್ಜ್ ಹಾಕ್ಕೊಂಡವರನ್ನ ನೀವೂ ನೋಡಿರಬಹುದು. ನಮ್ಮ ಮನೆಯವರೊಬ್ಬರು ದಾಖಲಾಗಿದ್ದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಇವ್ರು ಡಾಕ್ಟ್ರಾ, ಅಲ್ವಾ?"

ಪ್ರಶ್ನೆ ಸಣ್ಣದು, ಆದ್ರೆ ಅದರ ಹಿಂದೆ ಇನ್ನೂರು ವರ್ಷದ ಜಗಳ ಇದೆ. ಆ ಜಗಳದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋ ಬಳ್ಳಾರಿ ರಸ್ತೆಯಲ್ಲೇ!

ಮೊದಲಿಂದ ನೋಡೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಗೆ ಡಾಕ್ಟರು ಬರ್ತಿದ್ದದ್ದೇ ಅಪರೂಪ. ಬರ್ತಿದ್ದವರು ಸಿಡುಬಿಗೆ ದಾಕು ಹಾಕೋರು. ತಾಲ್ಲೂಕು ಡಿಸ್ಪೆನ್ಸರಿಗೆ ಹೋದರೆ ಅಲ್ಲಿ ಕಾಂಪೌಂಡರು, ಗಾಯಕ್ಕೆ ಪಟ್ಟಿ ಕಟ್ಟೋ ಡ್ರೆಸರು. ಅವರ ಮೇಲೆ ಎಲ್.ಎಂ.ಪಿ. ಡಾಕ್ಟರು. ಎಂ.ಬಿ.ಬಿ.ಎಸ್. ಅಲ್ಲ, ಮೆಡಿಕಲ್ ಸ್ಕೂಲಿನಲ್ಲಿ ಕಡಿಮೆ ಅವಧಿಯ ಕೋರ್ಸ್ ಓದಿದವರು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯ್ತು. ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಎಲ್.ಎಂ.ಪಿ.ಗಳನ್ನ ತಯಾರು ಮಾಡೋ ಸ್ಕೂಲೇ.

1943ರಲ್ಲಿ ಸರ್ಕಾರ ಸರ್ ಜೋಸೆಫ್ ಭೋರ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. 1946ರಲ್ಲಿ ಬಂದ ಅದರ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ನೋಂದಾಯಿತ ಡಾಕ್ಟರುಗಳು 47,524. ಅದರಲ್ಲಿ 29,870 ಮಂದಿ ಲೈಸೆನ್ಶಿಯೇಟುಗಳು. ಅಂದ್ರೆ ನೂರಕ್ಕೆ ಅರವತ್ತಕ್ಕೂ ಹೆಚ್ಚು! ನರ್ಸುಗಳು ಸುಮಾರು 7,000 ಮಾತ್ರ. ಇಷ್ಟಾದ್ರೂ ಸಮಿತಿಯ ಬಹುಮತ ಹೇಳಿದ್ದು, ಎಲ್.ಎಂ.ಪಿ. ತರಬೇತಿ ನಿಲ್ಲಿಸಿ, ಇನ್ನು ಮುಂದೆ ಒಂದೇ ಮಟ್ಟದ ಪದವೀಧರ ಡಾಕ್ಟರು ಸಾಕು ಅಂತ. ಹಳ್ಳಿಗೊಂದು ಮಟ್ಟದ ಡಾಕ್ಟರು, ಪೇಟೆಗೊಂದು ಮಟ್ಟದ ಡಾಕ್ಟರು ಯಾಕೆ ಅನ್ನೋ ವಾದದಲ್ಲಿ ನ್ಯಾಯ ಇತ್ತು. ಆದ್ರೆ ಅವರನ್ನ ನಿಲ್ಲಿಸಿದ್ರೆ ಹಳ್ಳಿಗೆ ಹೋಗೋರ್ಯಾರು ಅಂತ ಸಮಿತಿಯೊಳಗೇ ಕೆಲವರು ಭಿನ್ನಮತ ಬರೆದರು. ಅದಕ್ಕೆ ಉತ್ತರ ಮಾತ್ರ ಸಿಗಲಿಲ್ಲ. ಎಲ್.ಎಂ.ಪಿ. ಹೋಯ್ತು, ಜಾಗ ಖಾಲಿ ಉಳೀತು.

ಈಗ ಬಳ್ಳಾರಿ ರಸ್ತೆಗೆ ಬರೋಣ. ಹೆಬ್ಬಾಳದಿಂದ ಸಿಟಿ ಕಡೆ ಹೋಗುವಾಗ ಮೇಖ್ರಿ ಸರ್ಕಲ್ ದಾಟಿದ ಮೇಲೆ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಿಗುತ್ತೆ. ಎನ್.ಟಿ.ಐ. ಅಂತಾರೆ. 1959ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯೂನಿಸೆಫ್ ಸೇರಿ ಕಟ್ಟಿದ್ದು. ಮೈಸೂರು ಮಹಾರಾಜರಿಗೆ ಸೇರಿದ್ದ "ಅವಲಾನ್" ಬಂಗಲೆಯಲ್ಲಿ ಶುರುವಾಯ್ತು. 1960ರ ಸೆಪ್ಟೆಂಬರಿನಲ್ಲಿ ನೆಹರೂ ಬಂದು ಅದನ್ನ ದೇಶಕ್ಕೆ ಅರ್ಪಿಸಿದರು.

ಇವರ ಮುಂದಿದ್ದ ಲೆಕ್ಕ ಸರಳ, ಆದ್ರೆ ಭಯಂಕರ. ಕ್ಷಯ ಇದ್ದದ್ದು ಊರೂರಲ್ಲಿ, ಡಾಕ್ಟರುಗಳು ಬೆರಳೆಣಿಕೆ. ಎನ್.ಟಿ.ಐ.ನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸತ್ಯ ಹೇಳಿತು. ರೋಗದ ಲಕ್ಷಣ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿ ಬಾಟಲಿ! ಜನರಿಗೆ ತಿಳಿವಳಿಕೆ ಇಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಲ್ಲ.. ಕೊರತೆ ಇದ್ದದ್ದು ಜನರಲ್ಲಿ ಅಲ್ಲ, ಆ ಹಂತದಲ್ಲಿ ಕಫ ಪರೀಕ್ಷೆ ಮಾಡಬಲ್ಲ ಕೈಗಳಲ್ಲಿ.

ಹಾಗಾಗಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಕೆಲಸವನ್ನೇ ಹಂಚಿತು. ಜಿಲ್ಲೆಗೊಬ್ಬ ಕ್ಷಯ ಅಧಿಕಾರಿ. ಅವರ ಕೆಳಗೆ ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ ಟೆಕ್ನಿಷಿಯನ್, ಬಿ.ಸಿ.ಜಿ. ತಂಡದ ನಾಯಕ, ಚಿಕಿತ್ಸೆ ನೋಡಿಕೊಳ್ಳೋ ಟ್ರೀಟ್‌ಮೆಂಟ್ ಆರ್ಗನೈಸರ್, ಅಂಕಿ-ಅಂಶದ ಸಹಾಯಕ. ಈ ಜಿಲ್ಲಾ ತಂಡಗಳಿಗೆ ತರಬೇತಿ ಸಿಕ್ಕಿದ್ದು ಇದೇ ಬಳ್ಳಾರಿ ರಸ್ತೆಯಲ್ಲಿ.

ನನಗೆ ಬಹಳ ಇಷ್ಟ ಆಗೋದು ಟ್ಯೂಬರ್ಕ್ಯುಲಿನ್ ಪರೀಕ್ಷೆಯ ಭಾಗ. ಮುಂಗೈ ಮೇಲೆ, ಚರ್ಮದ ಪದರದ ಒಳಗೇ 0.1 ಮಿಲಿ ದ್ರವ ಬಿಡಬೇಕು. ಸ್ವಲ್ಪ ಆಳ ಹೋದರೂ ಪರೀಕ್ಷೆ ಕೆಟ್ಟಿತು. ಸರಿಯಾಗಿ ಹೋದರೆ ಒಂದು ಬಿಳಿಚಿದ ಸಣ್ಣ ಗುಳ್ಳೆ ಏಳುತ್ತೆ. ಮೂರು ದಿನ ಬಿಟ್ಟು ಬಂದು, ಬೆರಳಲ್ಲಿ ಮುಟ್ಟಿ ಗಟ್ಟಿಯಾದ ಭಾಗ ಎಷ್ಟು ಮಿಲಿಮೀಟರ್ ಅಂತ ಅಳೀಬೇಕು. ಸರ್ವೆಗಳಲ್ಲಿ ಇದನ್ನ ಮಾಡ್ತಿದ್ದವರು ತರಬೇತಿ ಪಡೆದ ಕಾರ್ಯಕರ್ತರು, ಡಾಕ್ಟರಲ್ಲ. ಆದ್ರೆ ಸುಮ್ಮನೆ ನಂಬಿ ಬಿಡ್ತಿರಲಿಲ್ಲ. ಒಬ್ಬರು ಅಳೆದದ್ದನ್ನ ನುರಿತ ಇನ್ನೊಬ್ಬರು ಮತ್ತೆ ಅಳೆದು ಎರಡನ್ನೂ ಹೋಲಿಸ್ತಿದ್ದರು. ಮನುಷ್ಯನ ಕಣ್ಣಿಗೆ 5, 10, 15ರಂಥ ಅಂಕಿಗಳ ಮೇಲೆ ಪ್ರೀತಿ ಜಾಸ್ತಿ, ಅದನ್ನೂ ಹಿಡೀತಿದ್ದರು. ನಮ್ಮ ಕೋಡ್ ರಿವ್ಯೂ ಥರಾನೇ :) ಇಲ್ಲಿ ಕೇಳಿದ್ದು "ನಿನ್ನ ಡಿಗ್ರಿ ಏನು" ಅಂತಲ್ಲ, "ನಿನ್ನ ಅಳತೆ ಎಷ್ಟು ಸರಿ" ಅಂತ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆದ ಸರ್ವೆ ಇಂಥ ಕೈಗಳ ಮೇಲೇ ನಿಂತಿತ್ತು.

ಇನ್ನೊಂದು ಕೊಂಡಿ ನೋಡಿ. ಆಗ ಇಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರು ಡೆನ್ಮಾರ್ಕಿನ ಡಾಕ್ಟರ್ ಹಾಫ್ಡನ್ ಮಾಹ್ಲರ್. 1973ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಅವರ ಕಾಲದಲ್ಲೇ 1978ರ ಆಲ್ಮಾ ಆಟಾ ಘೋಷಣೆ ಬಂತು. ಪ್ರಾಥಮಿಕ ಆರೋಗ್ಯ ಅಂದ್ರೆ ಡಾಕ್ಟರು ಮಾತ್ರವಲ್ಲ, ನರ್ಸು, ಸೂಲಗಿತ್ತಿ, ಸಮುದಾಯದ ಕಾರ್ಯಕರ್ತರು ಎಲ್ಲ ಸೇರಿದ ತಂಡ ಅಂತ ಅದು ಹೇಳಿತು.

ಅಮೆರಿಕದಲ್ಲಿ ಇದೇ ಯೋಚನೆ ಬೇರೆ ದಾರಿಯಲ್ಲಿ ಬಂತು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್, ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ನಾಲ್ವರನ್ನ ಇಟ್ಟುಕೊಂಡು ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸ್ ಶುರು ಮಾಡಿದರು. ಅದೇ ವರ್ಷ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಭಾರತಕ್ಕೆ ಫಿಸಿಷಿಯನ್ ಅಸಿಸ್ಟೆಂಟ್ ಬಂದದ್ದು 1992ರಲ್ಲಿ. ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಕೆ.ಎಂ. ಚೆರಿಯನ್ ತಂದರು. ಬೈಪಾಸಿಗೆ ಬೇಕಾದ ರಕ್ತನಾಳವನ್ನ ಕಾಲಿನಿಂದ ಬಿಡಿಸಿ ತೆಗೆಯೋದು ಇವರು ಕಲಿಯೋ ಕೆಲಸಗಳಲ್ಲೊಂದು. ಆಮೇಲೆ ಐ.ಸಿ.ಯು.ಗಾಗಿಯೇ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನ ಭಾರತೀಯ ನರ್ಸಿಂಗ್ ಕೌನ್ಸಿಲ್ ತಂತು.

ಕಾನೂನು ಮಾತ್ರ ಕುಂಟುತ್ತಾ ಬಂತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ "ಸಮುದಾಯ ಆರೋಗ್ಯ ಸೇವಾದಾರ" ಅಂತ ಸೀಮಿತ ಪರವಾನಗಿಯ ಮಾತು ಬಂದಾಗ ಡಾಕ್ಟರುಗಳು ದೇಶದಾದ್ಯಂತ ಮುಷ್ಕರ ಮಾಡಿದರು. ಭೋರ್ ಸಮಿತಿಯ ವಾದವೇ ಮತ್ತೆ! 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ಹೆಸರು ಸೇರಿತು.

ಡಾಕ್ಟರುಗಳ ಭಯ ಸುಳ್ಳಲ್ಲ. ಕಡಿಮೆ ಸಂಬಳಕ್ಕೆ ಸಿಗ್ತಾರೆ ಅಂತ ಯಾವ ಉಸ್ತುವಾರಿಯೂ ಇಲ್ಲದೆ ಯಾರ ಕೈಗೋ ಸೂಜಿ ಕೊಟ್ಟರೆ ಸಾಯೋದು ರೋಗಿ. ಅದೇ ಹೊತ್ತಿಗೆ, ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ ದೊಡ್ಡ ಡಾಕ್ಟರು ಮನೆಯಿಂದ ಬರೋವರೆಗೂ ಕಾಯೋಕಾಗಲ್ಲ ಅನ್ನೋದೂ ಅಷ್ಟೇ ನಿಜ. ಎನ್.ಟಿ.ಐ. ಕಥೆಯಿಂದ ನನಗೆ ಕಾಣೋದು ಇಷ್ಟು: ಕೆಲಸ ಹಂಚೋದು ತಪ್ಪಲ್ಲ, ಅಳತೆ ಇಲ್ಲದೆ ಹಂಚೋದು ತಪ್ಪು. ಯಾರು ಕಲಿಸಿದರು, ಯಾರು ಪರೀಕ್ಷಿಸಿದರು, ಎಡವಟ್ಟಾದರೆ ಯಾರು ಹೊಣೆ? ಈ ಮೂರಕ್ಕೂ ಉತ್ತರ ಇರಬೇಕು. ಜೊತೆಗೆ, ನಮ್ಮತ್ತೆ ಕೇಳಿದ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಉತ್ತರ ಕೊಡಬೇಕು. ಅಷ್ಟನ್ನ ಕೇಳೋ ಹಕ್ಕಂತೂ ಹಾಸಿಗೆ ಮೇಲಿರೋರಿಗೆ ಇದ್ದೇ ಇದೆ. ನೀವೇನಂತೀರಿ?