ಅಂದಾಜು ಪತ್ರಿಕೆ: ನಮ್ಮ ಭಾಗದ ಸ್ಥಳೀಯ ಬಜೆಟ್ಟಿನ ಕಥೆ

ಬಜೆಟ್ಟಿಗೆ ಕನ್ನಡದಲ್ಲಿ ಮೂರು ಹೆಸರುಗಳುಂಟು. ಪಠ್ಯಪುಸ್ತಕಗಳು ಆಯವ್ಯಯ ಎನ್ನುತ್ತವೆ. ದಿನಪತ್ರಿಕೆಗಳು ಮುಂಗಡ ಪತ್ರ ಎನ್ನುತ್ತವೆ. ನಮ್ಮ ಚಡಚಣ, ಇಂಡಿ ಭಾಗದ ಹಿರಿಯರು ಮಾತ್ರ ಅಂದಾಜು ಪತ್ರಿಕೆ ಎನ್ನುತ್ತಿದ್ದರು. ಈ ಮೂರನೆಯ ಹೆಸರು ಭೀಮಾ ನದಿಯ ಆಚೆ ದಂಡೆಯ ಮರಾಠಿಯ 'ಅಂದಾಜಪತ್ರಕ'ಕ್ಕೆ ಹತ್ತಿರದ ನೆಂಟ. ಮುಂಬೈ ಪ್ರಾಂತದ ಕಚೇರಿಗಳ ಮೂಲಕ ನಮ್ಮ ಚಾವಡಿಗೆ ಬಂದು ಇಲ್ಲಿಯೇ ನೆಲೆಸಿದ ಶಬ್ದವದು. ಬಜೆಟ್ ಎಂಬ ಇಂಗ್ಲಿಷ್ ಶಬ್ದಕ್ಕಾದರೂ ಹಳೆಯ ಫ್ರೆಂಚ್ ಭಾಷೆಯಲ್ಲಿ ಸಣ್ಣ ತೊಗಲಿನ ಚೀಲ ಎಂಬ ಅರ್ಥವಿತ್ತು. ಚೀಲದಲ್ಲಿ ಏನಿದೆ ಎಂಬುದು ಬಿಚ್ಚಿ ತೋರಿಸಿದಾಗಲೇ ತಿಳಿಯುವುದು. ಈ ಲೇಖನದ ವಿಷಯವೂ ಅದೇ: ನಮ್ಮ ಭಾಗದಲ್ಲಿ ಆ ಚೀಲವನ್ನು ಯಾರು ಕಟ್ಟುತ್ತಿದ್ದರು, ಯಾರ ಎದುರು ಬಿಚ್ಚುತ್ತಿದ್ದರು?

ಪ್ರತಿ ವರ್ಷ ಫೆಬ್ರುವರಿ, ಮಾರ್ಚ್ ತಿಂಗಳು ಬಂತೆಂದರೆ ದಿಲ್ಲಿಯ ಬಜೆಟ್ಟನ್ನೂ ಬೆಂಗಳೂರಿನ ಬಜೆಟ್ಟನ್ನೂ ಕುರಿತು ಚಹಾದಂಗಡಿಯಲ್ಲಿಯೂ ಚರ್ಚೆ ನಡೆಯುತ್ತದೆ. ವಿಜಯಪುರ ಜಿಲ್ಲಾ ಪಂಚಾಯತಿಯ ಬಜೆಟ್ಟಿನ ಸುದ್ದಿಯನ್ನಾಗಲಿ, ಚಡಚಣ ಪಟ್ಟಣ ಪಂಚಾಯತಿಯ ಬಜೆಟ್ಟಿನ ಸುದ್ದಿಯನ್ನಾಗಲಿ ಎತ್ತುವವರು ವಿರಳ. ಆದರೆ ನಮ್ಮ ಓಣಿಯ ನಳ, ಗಟಾರ, ಬೀದಿದೀಪ, ಪ್ರಾಥಮಿಕ ಶಾಲೆಯ ಮಾಸ್ತರರ ಪಗಾರ, ಇವೆಲ್ಲವೂ ಹಾದುಬರುವುದು ಈ ಸಣ್ಣ ಬಜೆಟ್ಟುಗಳ ಮೂಲಕವೇ. ಆದ್ದರಿಂದ ಇವುಗಳ ಇತಿಹಾಸವನ್ನು ನನಗೆ ತಿಳಿದಮಟ್ಟಿಗೆ ಬರೆದಿಡುವುದು ಉಚಿತವೆಂದು ತೋರಿತು.

ಭಾರತದ ಮೊದಲ ಬಜೆಟ್ಟನ್ನು ಜೇಮ್ಸ್ ವಿಲ್ಸನ್ 1860ರಲ್ಲಿ ಮಂಡಿಸಿದನು. ಏಪ್ರಿಲ್ ಒಂದರಿಂದ ಆರಂಭವಾಗುವ ಆರ್ಥಿಕ ವರ್ಷ ಜಾರಿಗೆ ಬಂದದ್ದು 1867ರಲ್ಲಿ. ಇದೇ ದಶಕದಲ್ಲಿ ಮುಂಬೈ ಪ್ರಾಂತದ ಸರ್ಕಾರವು ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಸ್ಥಳೀಯ ಕರವನ್ನು ವಿಧಿಸಿತು. 1869ರ ಸ್ಥಳೀಯ ನಿಧಿ ಕಾಯಿದೆಯು ಅದಕ್ಕೆ ಶಾಸನದ ಬಲವನ್ನು ಕೊಟ್ಟಿತು. ಆಗ ನಮ್ಮದು ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರವು ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಈ ಒಂದಾಣೆಯಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮುಂತಾದ ಕಾಮಗಾರಿಗಳಿಗೆ ಎಂಬ ಹಂಚಿಕೆ ಇತ್ತು.

ನನ್ನ ವಿದ್ಯಾರ್ಥಿಗಳಿಗೆ ಈ ಲೆಕ್ಕ ಕಠಿಣವಲ್ಲ. ಹದಿನಾರು ರೂಪಾಯಿ ಕಂದಾಯ ಕಟ್ಟುವ ರೈತನು ಅದರ ಮೇಲೆ ಒಂದು ರೂಪಾಯಿಯನ್ನು ಸ್ಥಳೀಯ ನಿಧಿಗೆ ಕೊಡಬೇಕು. ಆ ರೂಪಾಯಿಯಲ್ಲಿ ಐದಾಣೆ ನಾಲ್ಕು ಪೈ ಶಾಲೆಗೆ, ಹತ್ತಾಣೆ ಎಂಟು ಪೈ ರಸ್ತೆ ಮೊದಲಾದವುಗಳಿಗೆ. ನೋಡಲು ಸರಳವಾದ ವ್ಯವಸ್ಥೆ. ಆದರೆ ಇದರಲ್ಲಿ ಒಂದು ದೋಷ ಅಡಗಿತ್ತು. ಆದಾಯವು ಭೂಕಂದಾಯಕ್ಕೆ ಕಟ್ಟಿಹಾಕಲ್ಪಟ್ಟಿದ್ದರಿಂದ, ಮಳೆ ಕೈಕೊಟ್ಟು ಕಂದಾಯ ನಿಂತರೆ ಸ್ಥಳೀಯ ನಿಧಿಯೂ ಬತ್ತುತ್ತಿತ್ತು. 1876–78ರ ಮಹಾ ಬರಗಾಲದಲ್ಲಿ ಕಲಾದಗಿ ಜಿಲ್ಲೆ ಅನುಭವಿಸಿದ ನರಕವನ್ನು ಇತಿಹಾಸ ಓದಿದವರೆಲ್ಲ ಬಲ್ಲರು. ಬಾವಿ ತೋಡಿಸಬೇಕಾದ, ರಸ್ತೆ ಕೆಲಸ ಕೊಟ್ಟು ಜನರನ್ನು ಉಳಿಸಬೇಕಾದ ವರ್ಷದಲ್ಲಿಯೇ ಸ್ಥಳೀಯ ಬೊಕ್ಕಸ ಬರಿದಾಗುವ ಏರ್ಪಾಡು ಅದಾಗಿತ್ತು. ಬರಪೀಡಿತ ನಾಡಿನ ಸ್ಥಳೀಯ ಸಂಸ್ಥೆ ತನ್ನ ಸ್ವಂತ ಆದಾಯವನ್ನಷ್ಟೇ ನಂಬಿ ಬದುಕಲಾರದು ಎಂಬ ಪಾಠ ಅಂದಿನದು. ಇಂದಿಗೂ ಅದು ಹಳತಾಗಿಲ್ಲ.

ಈ ನಿಧಿಯ ಅಂದಾಜು ಪತ್ರಿಕೆಯನ್ನು ಸಿದ್ಧಪಡಿಸುವವರು ಕಲೆಕ್ಟರ್ ಮತ್ತು ಅವರ ಕಚೇರಿಯವರು. ಅದು ಮಂಜೂರಾತಿಗಾಗಿ ಮೇಲಕ್ಕೆ ಹೋಗುತ್ತಿತ್ತು. ಕರ ಕೊಟ್ಟ ರೈತನ ಎದುರು ಅದನ್ನು ಓದಿ ಹೇಳಬೇಕೆಂಬ ಕಲ್ಪನೆಯೇ ಆಗ ಇರಲಿಲ್ಲ. ಲಾರ್ಡ್ ರಿಪ್ಪನ್ನನ 1882ರ ನಿರ್ಣಯದ ಫಲವಾಗಿ 1884ರಲ್ಲಿ ಮುಂಬೈ ಲೋಕಲ್ ಬೋರ್ಡ್ ಕಾಯಿದೆ ಬಂದಿತು. ಜಿಲ್ಲೆಗೊಂದು, ತಾಲ್ಲೂಕಿಗೊಂದು ಬೋರ್ಡು ರಚನೆಯಾಗಿ, ಕೆಲವರು ಚುನಾಯಿತ ಸದಸ್ಯರೂ ಕುಳಿತರು. ಆದರೂ ಜಿಲ್ಲಾ ಬೋರ್ಡಿಗೆ ಮೊದಮೊದಲು ಕಲೆಕ್ಟರೇ ಅಧ್ಯಕ್ಷರು. ಮತದಾನದ ಹಕ್ಕು ಇದ್ದುದು ಉಳ್ಳವರಿಗೆ ಮಾತ್ರ.

ಅತ್ತ ಹಳೆಯ ಮೈಸೂರು ಸಂಸ್ಥಾನದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು, ಸಂಸ್ಥಾನದ ಆದಾಯ, ವೆಚ್ಚ ಮತ್ತು ಆಡಳಿತದ ವಿವರವನ್ನು ಜನರ ಪ್ರತಿನಿಧಿಗಳ ಮುಂದೆ ಇಟ್ಟರು. ಸದಸ್ಯರಿಗೆ ಅದನ್ನು ತಿರಸ್ಕರಿಸುವ ಅಧಿಕಾರ ಇರಲಿಲ್ಲ, ಕೇಳಿಕೊಳ್ಳುವ ಅವಕಾಶ ಮಾತ್ರವಿತ್ತು. ಆದರೂ ಲೆಕ್ಕವನ್ನು ಜನರಿಗೆ ಹೇಳಬೇಕೆಂಬ ರೂಢಿ ಅಲ್ಲಿ ಹುಟ್ಟಿತು. ಬಜೆಟ್ಟನ್ನು ಚರ್ಚಿಸುವ ಶಾಸನಬದ್ಧ ಹಕ್ಕು ಆ ಸಭೆಗೆ 1923ರಲ್ಲಿ ದೊರೆಯಿತು. ಅದೇ 1923ರಲ್ಲಿ ನಮ್ಮ ಮುಂಬೈ ಪ್ರಾಂತದಲ್ಲಿಯೂ ಹೊಸ ಲೋಕಲ್ ಬೋರ್ಡ್ ಕಾಯಿದೆ ಮತ್ತು ಪ್ರಾಥಮಿಕ ಶಿಕ್ಷಣ ಕಾಯಿದೆಗಳು ಬಂದವು. ನಮ್ಮ ಹಿರಿಯರು 'ಬೋರ್ಡಿನ ಸಾಲಿ', 'ಬೋರ್ಡಿನ ರಸ್ತಾ' ಎಂದು ಹೇಳುತ್ತಿದ್ದುದರ ಹಿನ್ನೆಲೆ ಇದು.

1956ರ ನವೆಂಬರ್ ಒಂದರಂದು ನಾವು ಮುಂಬೈ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದೆವು. 1959ರ ಕಾಯಿದೆಯಂತೆ ಗ್ರಾಮ ಪಂಚಾಯತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ ಮತ್ತು ಜಿಲ್ಲಾ ಅಭಿವೃದ್ಧಿ ಪರಿಷತ್ತುಗಳು ಸ್ಥಾಪನೆಯಾದವು. ನಾನು ಬಾಲ್ಯದಲ್ಲಿ ಕಂಡ ಪಂಚಾಯತಿ ಇದೇ. ಅದರ ಆದಾಯವೆಂದರೆ ಮುಖ್ಯವಾಗಿ ಮನೆಪಟ್ಟಿ, ಸಂತೆಯ ಕರ, ಸರ್ಕಾರದ ಒಂದಿಷ್ಟು ಅನುದಾನ. ಸಭೆ ಇದ್ದರೆ ವಾಲೀಕಾರನು ಹಲಗೆ ಬಡಿದು ಓಣಿ ಓಣಿಯಲ್ಲಿ ಡಂಗುರ ಸಾರುತ್ತಿದ್ದನು. ಪ್ರಚಾರವೆಂದರೆ ಅದೇ ಆಗಿತ್ತು. ನನ್ನ ನೆನಪಿನಲ್ಲಿ ಉಳಿದಿರುವುದು ಒಂದು ವಿಪರ್ಯಾಸ: ಊರಿಗೆಲ್ಲ ಸಭೆಯ ಸುದ್ದಿಯನ್ನು ಮುಟ್ಟಿಸಿದ ಹಲಗೆಯವನು ಸಭೆ ಆರಂಭವಾದಾಗ ಚಾವಡಿಯ ಕಟ್ಟೆಯ ಕೆಳಗೆ ದೂರ ನಿಂತಿರುತ್ತಿದ್ದನು. ಹೆಣ್ಣುಮಕ್ಕಳಂತೂ ಆ ಹಾದಿಯಲ್ಲಿ ಸುಳಿಯುತ್ತಿರಲಿಲ್ಲ. ಎಲ್ಲರಿಗೂ ಸಾರಿದ ಮಾತ್ರಕ್ಕೆ ಎಲ್ಲರೂ ಕೇಳಿದಂತಾಗುವುದಿಲ್ಲ.

ಈ ಸ್ಥಿತಿಯನ್ನು ಅಲುಗಾಡಿಸಿದ್ದು 1983ರ ಕಾಯಿದೆ. ಅದರಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು, ಮಂಡಲ ಪಂಚಾಯತಿಗಳು ಬಂದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಅಬ್ದುಲ್ ನಜೀರ್ ಸಾಬರ ಹೆಸರು ಈ ಸುಧಾರಣೆಯೊಡನೆ ಸದಾ ಬೆಸೆದುಕೊಂಡಿದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಅಧೀನದಲ್ಲಿ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿ. ನಾನು ಆಗತಾನೆ ನೌಕರಿಗೆ ಸೇರಿದ್ದ ತರುಣ ಶಿಕ್ಷಕ. ಸಾಹೇಬರು ಹೇಳಿ ಜನರು ಕೇಳುವ ಕಾಲ ಹೋಗಿ, ಜನರು ಕೇಳಿ ಸಾಹೇಬರು ಲೆಕ್ಕ ಹೇಳುವ ಕಾಲ ಬಂತೆಂದು ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸಂಭ್ರಮಿಸಿದ್ದುಂಟು.

ಜಿಲ್ಲೆಯ ಬಜೆಟ್ಟು ಸಿದ್ಧವಾಗುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ರಾಜ್ಯದ ಬಜೆಟ್ಟಿನೊಡನೆ ವಿಧಾನಮಂಡಲದ ಮುಂದೆ ಬರುವ ಒಂದು ದಪ್ಪ ಸಂಪುಟಕ್ಕೆ 'ಲಿಂಕ್ ಡಾಕ್ಯುಮೆಂಟ್' ಎಂದು ಹೆಸರು. ಯಾವ ಜಿಲ್ಲೆಗೆ, ಯಾವ ಇಲಾಖೆಯ ಯಾವ ಯೋಜನೆಗೆ ಎಷ್ಟು ಹಣ ಎಂಬುದು ಅದರಲ್ಲಿ ಅಂಕಣ ಅಂಕಣವಾಗಿ ಮುದ್ರಿತವಾಗಿರುತ್ತದೆ. ಜಿಲ್ಲೆಯ ಇಲಾಖೆಗಳು ತಮ್ಮ ಬೇಡಿಕೆಯನ್ನು ಮೊದಲೇ ಸಲ್ಲಿಸಿರುತ್ತವೆ. ಜಿಲ್ಲಾ ಪಂಚಾಯತಿಯಲ್ಲಿ ಮುಖ್ಯ ಲೆಕ್ಕಾಧಿಕಾರಿಗಳು ಅಂದಾಜನ್ನು ಕ್ರೋಡೀಕರಿಸುತ್ತಾರೆ. ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸುತ್ತದೆ. ಬಳಿಕ ಸಾಮಾನ್ಯ ಸಭೆಯ ಅನುಮೋದನೆ, ಆಮೇಲೆ ಕ್ರಿಯಾ ಯೋಜನೆ. ಕಾಗದದ ಮೇಲೆ ಇದು ಜಿಲ್ಲೆಯ ಬಜೆಟ್ಟು. ಆದರೆ ಅದರ ಬಹುಪಾಲು ಸಂಬಳಕ್ಕೂ ಮೊದಲೇ ಗೊತ್ತುಪಡಿಸಿದ ಯೋಜನೆಗಳಿಗೂ ಹೋಗುತ್ತದೆ. ಸದಸ್ಯರು ತಮ್ಮ ವಿವೇಚನೆಯಿಂದ ಅತ್ತಿತ್ತ ಮಾಡಬಹುದಾದ ಹಣ ಬಹಳ ಅಲ್ಪ. ತವರಿನಿಂದ ಬಂದ ಬುತ್ತಿಯ ಗಂಟಿನಲ್ಲಿ ಯಾವ ರೊಟ್ಟಿ ಯಾರಿಗೆಂದು ಮೊದಲೇ ಹೇಳಿ ಕಳುಹಿಸಿದಂತೆ ಇದು. ಬಡಿಸುವ ಕೈ ಮಾತ್ರ ನಮ್ಮದು.

ಪಟ್ಟಣ ಪಂಚಾಯತಿಯ ಕ್ರಮ ಬೇರೆ. ಚಡಚಣ ಗ್ರಾಮ ಪಂಚಾಯತಿಯಿಂದ ಪಟ್ಟಣ ಪಂಚಾಯತಿಯಾದ ಮೇಲೆ ಅದಕ್ಕೆ 1964ರ ಪುರಸಭೆಗಳ ಕಾಯಿದೆ ಅನ್ವಯಿಸುತ್ತದೆ. 2006ರ ಲೆಕ್ಕ ಮತ್ತು ಬಜೆಟ್ ನಿಯಮಗಳಂತೆ, ಬಜೆಟ್ಟನ್ನು ಸಿದ್ಧಪಡಿಸುವ ಮೊದಲು ಸಾರ್ವಜನಿಕರೊಡನೆ ಸಮಾಲೋಚನೆ ನಡೆಸಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ನಿಧಿಯನ್ನು ಕಾದಿರಿಸುವ ಪದ್ಧತಿಯೂ ಉಂಟು. ಮರುದಿನದ ಪತ್ರಿಕೆಯಲ್ಲಿ 'ಉಳಿತಾಯ ಬಜೆಟ್ ಮಂಡನೆ' ಎಂಬ ತಲೆಬರಹ ಬಹುತೇಕ ಪ್ರತಿ ಊರಿನ ಸುದ್ದಿಯ ಮೇಲೂ ಇರುತ್ತದೆ. ಇದನ್ನು ಓದಿ ಹಿಗ್ಗಬೇಕಾಗಿಲ್ಲ. ಸರ್ಕಾರದಂತೆ ಮನಬಂದಷ್ಟು ಸಾಲ ಎತ್ತಿ ಕೊರತೆಯ ಬಜೆಟ್ ಮಂಡಿಸುವ ಸ್ವಾತಂತ್ರ್ಯ ಸ್ಥಳೀಯ ಸಂಸ್ಥೆಗಳಿಗಿಲ್ಲ. ಕೊನೆಗೆ ಸ್ವಲ್ಪ ಶಿಲ್ಕು ಉಳಿಸಿ ತೋರಿಸಲೇಬೇಕು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹೋದ ವರ್ಷ ಹೇಳಿದ್ದರಲ್ಲಿ ಎಷ್ಟು ವಸೂಲಾಯಿತು? ಎಷ್ಟು ಖರ್ಚಾಯಿತು? ಖರ್ಚಾಗದೆ ಉಳಿದದ್ದು ಯಾವ ಓಣಿಯ ಹಣ?

ಪೌರನೀತಿಯ ಪಾಠ ಮಾಡುವಾಗ ನಾನು ಇದೇ ಪ್ರಶ್ನೆಗಳನ್ನು ಅಭ್ಯಾಸವಾಗಿ ಕೊಡುತ್ತಿದ್ದೆ. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಪಂಚಾಯತಿಯ ಫಲಕದ ಮೇಲಿದ್ದ ಜಮಾ ಖರ್ಚನ್ನು ವಹಿಯಲ್ಲಿ ಬರೆದುಕೊಂಡು ಬರಬೇಕು. ಕೆಲವರು ಅಚ್ಚುಕಟ್ಟಾಗಿ ತರುತ್ತಿದ್ದರು. ಕೆಲವರು, "ಸರ್, ಫಲಕಾನೇ ಇಲ್ರಿ" ಎಂದು ಖಾಲಿ ಹಾಳೆಯನ್ನು ತೋರಿಸುತ್ತಿದ್ದರು. ಆ ಖಾಲಿ ಹಾಳೆಗೂ ನಾನು ಅಂಕ ಕೊಡುತ್ತಿದ್ದೆ, ಏಕೆಂದರೆ ಅವರು ಹೋಗಿ ನೋಡಿ ಬಂದಿದ್ದರು. ಒಬ್ಬ ಹುಡುಗಿ ಹೊಸ ಬೋರ್‌ವೆಲ್ಲಿನ ಖರ್ಚನ್ನು ಬರೆದುಕೊಂಡು, ಅದು ಎಲ್ಲಿದೆಯೆಂದು ಹುಡುಕಿಕೊಂಡು ಓಣಿಯನ್ನೆಲ್ಲ ಸುತ್ತಿ ಬಂದಿದ್ದಳು. ಬೋರ್‌ವೆಲ್ ಇತ್ತು, ನೀರು ಇರಲಿಲ್ಲ. ಲೆಕ್ಕ ಸರಿಯಾಗಿದ್ದೂ ಬಾಯಾರಿಕೆ ಉಳಿಯಬಹುದೆಂಬುದನ್ನು ಆ ದಿನ ತರಗತಿಗೆಲ್ಲ ಅವಳೇ ಕಲಿಸಿದಳು.

1993ರ ಪಂಚಾಯತ್ ರಾಜ್ ಕಾಯಿದೆಯ ನಂತರ ಪ್ರಚಾರದ ದಾರಿಗಳು ಹೆಚ್ಚಿದವು. ಗ್ರಾಮಸಭೆ, ಅದಕ್ಕೂ ಕೆಳಗೆ ವಾರ್ಡ್ ಸಭೆಗಳು ಬಂದವು. ವರ್ಷಕ್ಕೊಮ್ಮೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯತಿಯ ಜಮಾಬಂದಿ ನಡೆಯಬೇಕು. ಹಿಂದೆ ಜಮಾಬಂದಿ ಎಂದರೆ ಸಾಹೇಬರು ಬಂದು ರೈತನ ಕಂದಾಯದ ಲೆಕ್ಕವನ್ನು ತನಿಖೆ ಮಾಡುವ ದಿನ. ಈಗ ಅದೇ ಹೆಸರಿನಲ್ಲಿ ರೈತನು ಹೋಗಿ ಪಂಚಾಯತಿಯ ವಹಿಯನ್ನೂ ಕಾಮಗಾರಿಯನ್ನೂ ನೋಡಬಹುದು. ಒಂದು ಶಬ್ದದ ಅರ್ಥ ಹೀಗೆ ತಲೆಕೆಳಗಾದುದು ನನಗೆ ಬಹಳ ಪ್ರಿಯವಾದ ಸಂಗತಿ. 2005ರ ಮಾಹಿತಿ ಹಕ್ಕು ಕಾಯಿದೆಯಂತೂ, ಯಾರೂ ಅರ್ಜಿ ಹಾಕದಿದ್ದರೂ ಪ್ರತಿ ಕಚೇರಿಯು ತನ್ನ ಬಜೆಟ್ಟನ್ನು ತಾನಾಗಿಯೇ ಪ್ರಕಟಿಸಬೇಕೆಂದು ವಿಧಿಸಿದೆ.

ಹೊರಗಿನ ಲೋಕದಲ್ಲಿಯೂ ಇಂಥ ಯತ್ನಗಳುಂಟು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವು 1989ರಿಂದ ಜನರನ್ನೇ ಕೂಡಿಸಿ ಬಜೆಟ್ಟಿನ ಆದ್ಯತೆಗಳನ್ನು ನಿರ್ಧರಿಸಿ ಹೆಸರಾಯಿತು. ಕೇರಳವು 1996ರಲ್ಲಿ ಜನತಾ ಯೋಜನೆಯನ್ನು ಆರಂಭಿಸಿತು. ಅಮೆರಿಕದ ಕೌಂಟಿಗಳಲ್ಲಿ ಕರಡು ಬಜೆಟ್ಟಿನ ಪ್ರಕಟಣೆ ಕೊಟ್ಟು, ನಾಗರಿಕರ ಅಹವಾಲನ್ನು ಕೇಳಿದ ಮೇಲೆ ಅಂಗೀಕರಿಸುವ ರೂಢಿಯಿದೆ. ಅಲ್ಲಿ ನೆಲೆಸಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಂಡಿರಬಹುದು.

ಇಷ್ಟೆಲ್ಲ ದಾರಿಗಳಿದ್ದರೂ ಒಂದು ಕೊರತೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. 1992ರಲ್ಲಿ ಅವಧಿ ಮುಗಿದ ಸಂಸ್ಥೆಗಳಿಗೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಜಿಲ್ಲಾ ಮಟ್ಟದಲ್ಲಿ ಚುನಾವಣೆ ನಡೆಯಲು 1995 ಬರಬೇಕಾಯಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಅದೇ ಕಥೆ ಮರುಕಳಿಸಿ, ವರ್ಷಗಟ್ಟಲೆ ಬಜೆಟ್ಟುಗಳು ಚುನಾಯಿತ ಸಭೆಯಿಲ್ಲದೆಯೇ ಅನುಮೋದನೆಗೊಂಡವು. ಅಂಕಿಗಳು ಜಾಲತಾಣದಲ್ಲಿ ದೊರೆಯಬಹುದು, ಆದರೆ ಎದ್ದುನಿಂತು "ನಮ್ಮ ಊರಿಗೆ ಯಾಕೆ ಇಲ್ರಿ?" ಎಂದು ಕೇಳುವವನು ಸಭೆಯಲ್ಲಿ ಇಲ್ಲದಿದ್ದರೆ ಆ ಪ್ರಕಟಣೆ ಅರ್ಧ ಪ್ರಕಟಣೆಯೇ ಸರಿ. 1884ಕ್ಕೆ ಹಿಂದಿನ ಕಲೆಕ್ಟರರ ಅಂದಾಜು ಪತ್ರಿಕೆಗೂ ಇದಕ್ಕೂ ಆಗ ಬಹಳ ಅಂತರ ಉಳಿಯುವುದಿಲ್ಲ.

ಘೋಷಣೆಗೂ ಹಣಕ್ಕೂ ಇರುವ ಅಂತರವನ್ನು ಚಡಚಣದವರಿಗೆ ಬೇರೆಯಾಗಿ ಹೇಳಬೇಕಿಲ್ಲ. 2013ರ ರಾಜ್ಯ ಬಜೆಟ್ಟಿನಲ್ಲಿ 43 ಹೊಸ ತಾಲ್ಲೂಕುಗಳ ಘೋಷಣೆಯಾದಾಗ ನಮ್ಮ ಊರಿನ ಹೆಸರೂ ಅದರಲ್ಲಿತ್ತು. ಪಟಾಕಿಯ ಹೊಗೆ ಅಂದೇ ಆರಿತು. ತಾಲ್ಲೂಕು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಐದು ವರ್ಷ ನಾವು ಭಾಷಣದ ಒಂದು ಸಾಲಿನಲ್ಲಿ ಮಾತ್ರ ತಾಲ್ಲೂಕಾಗಿದ್ದೆವು.

ವಿದ್ಯಾರ್ಥಿ ಮಿತ್ರರಲ್ಲಿ ಹಲವರು ಇಂದು ಪಂಚಾಯತಿಯ ಸದಸ್ಯರಾಗಿದ್ದೀರಿ, ಕಾರ್ಯದರ್ಶಿಗಳಾಗಿದ್ದೀರಿ, ಗುತ್ತಿಗೆದಾರರೂ ಆಗಿದ್ದೀರಿ. ಊರಲ್ಲಿರುವವರು ಬರುವ ಜಮಾಬಂದಿಗೆ ಒಮ್ಮೆ ಹೋಗಿ ಬನ್ನಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ದೂರದ ಊರುಗಳಲ್ಲಿರುವ ಬಂಧುಗಳು ತಂದೆತಾಯಿಗಳಿಗೆ ಫೋನ್ ಮಾಡಿದಾಗ ಮಳೆ, ಬೆಳೆ, ಆರೋಗ್ಯ ವಿಚಾರಿಸಿದ ಮೇಲೆ ಪಂಚಾಯತಿಯ ಫಲಕದಲ್ಲಿ ಏನು ಬರೆದಿದ್ದಾರೆಂದು ಕೇಳಿರಿ. ಫಲಕವೇ ಇಲ್ಲವೆಂದು ಅವರು ಹೇಳಿದರೆ ಅದನ್ನೂ ನನಗೆ ತಿಳಿಸಿರಿ. ಖಾಲಿ ಹಾಳೆಗೆ ಈಗಲೂ ನನ್ನಲ್ಲಿ ಅಂಕವುಂಟು.